ಕರಿ ಚೀಲದ ಬಾಡಿಗೆ

ಸುಲ್ತಾನಸಾಬನ ಅಂಗಡಿಯಲ್ಲಿ ಮುಕ್ಕಾಲು ಕಿಲೋ ಮಟನ್ನಿಗೆ ಆರುನೂರು ರೂಪಾಯಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಶುಂಠಿ, ಕೊತ್ತಂಬರಿ ಕೂಡಿ ಅರವತ್ತು. ಮಸಾಲೆ ಖಾರ ಮನೆಯದು. ಮಟನ್ ಹಾಕಿಕೊಡುವ ಕ್ಯಾರಿಬ್ಯಾಗಿಗೆ ಮಾತ್ರ ಏನೂ ಇಲ್ಲ. ಒಳಗೊಂದು ಬಿಳಿ, ಹೊರಗೊಂದು ಕರಿ, ಎರಡೂ ಪುಕ್ಕಟೆ. ಸುರಪುರದ ಆ ಓಣಿಯಲ್ಲಿ ಎರಡು ಖೋಲಿ, ಒಂದು ಅಡುಗೆಮನೆ, ಒಳಗೇ ನಳ ಇದ್ದ ಮನೆಗೆ ತಿಂಗಳಿಗೆ ಐದು ಸಾವಿರ ಬಾಡಿಗೆ, ಮೂವತ್ತು ಸಾವಿರ ಅಡ್ವಾನ್ಸು. ಅಷ್ಟು ದುಡ್ಡು ಕೊಡುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ದೇವಕಮ್ಮನ ಮನೆಯವರಿಗೆ ಆ ಮನೆ ಎರಡು ವರ್ಷ ಉಳಿದದ್ದು ದುಡ್ಡಿನಿಂದಲ್ಲ, ಆ ಪುಕ್ಕಟೆ ಕರಿ ಚೀಲದಿಂದ.

ಮಾಲಕಿ ಗುರುದೇವಿ ಮಾಂಸ ತಿನ್ನುವವರಿಗೆ ಮನೆ ಕೊಡುತ್ತಿರಲಿಲ್ಲ. ದೇವಕಮ್ಮನ ಮಗ ಅರುಣಕುಮಾರ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, "ನಾವು ತಿನ್ನಂಗಿಲ್ರಿ" ಎಂದು ಕೀಲಿ ಇಸಿದುಕೊಂಡು ಬಂದಿದ್ದ. ತಾಯಿ ಏನು ಮಾಡುತ್ತಾಳೆ ಎಂದು ಕೇಳಿದ್ದಕ್ಕೆ, "ನಗರಸಭಾದಾಗ ಆಫೀಸ್ ಕೆಲಸ" ಎಂದಿದ್ದ. ದೇವಕಮ್ಮ ಆಫೀಸಿನ ಒಳಗೆ ಕಾಲಿಡುತ್ತಿದ್ದದ್ದು ಹಾಜರಿ ಹಾಕುವಷ್ಟು ಹೊತ್ತು ಮಾತ್ರ. ಆಮೇಲೆ ಮಧ್ಯಾಹ್ನದವರೆಗೆ ಚರಂಡಿ. ಪೌರಕಾರ್ಮಿಕರ ಬಣ್ಣದ ಕೋಟನ್ನು ಅಲ್ಲೇ ಗೂಟಕ್ಕೆ ಹಾಕಿ, ಕೈಕಾಲು ತೊಳೆದುಕೊಂಡು, ಮನೆಯ ಸೀರೆಯಲ್ಲಿ ಓಣಿಗೆ ಬರಬೇಕು. ಮೊಮ್ಮಗಳು ಗುಡ್ಡಿಯ ಶಾಲೆ ಆ ಮನೆಯಿಂದ ನಾಲ್ಕು ಹೆಜ್ಜೆ. ಆ ಕೂಸಿನ ಮುಖ ನೋಡಿ ಅವಳು ಸುಮ್ಮನಿದ್ದಳು.

ಭಾನುವಾರ ಮಟನ್ ಕರಿ ಚೀಲದಲ್ಲಿ ಬರುತ್ತಿತ್ತು, ಮೇಲೆ ಎರಡು ಕಟ್ಟು ಮೆಂತ್ಯಪಲ್ಯ ಇಟ್ಟುಕೊಂಡು. ತಿಂದ ಮೇಲೆ ಎಲುಬಿನ ಪಂಚಾಯತಿ. ಕಸದ ಗಾಡಿ ಬಂದು ನಿಲ್ಲುವುದು ಗುರುದೇವಿಯ ಬಾಗಿಲಲ್ಲಿ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಅವಳು ಎಲ್ಲರ ಬಕೆಟ್ಟಿನೊಳಗೆ ಇಣುಕುತ್ತಿದ್ದಳು. ನಾಯಿಗೆ ಹಾಕಿದರೆ ನಾಯಿ ಬಾಗಿಲು ಬಿಡುವುದಿಲ್ಲ. ಹಾಗಾಗಿ ಸೊಸೆ ಪರಿಮಳಾ ಎಲುಬನ್ನು ಅದೇ ಕರಿ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು, ಅರುಣಕುಮಾರ ಸೋಮವಾರ ಬೆಳಿಗ್ಗೆ ಅದನ್ನು ಬೈಕಿನ ಹ್ಯಾಂಡಲಿಗೆ ಹಾಕಿಕೊಂಡು ಹೋಗುವುದು. ಎಲ್ಲಿಗೆ ಒಯ್ಯುತ್ತಾನೆಂದು ದೇವಕಮ್ಮ ಕೇಳಿರಲಿಲ್ಲ. ಊರ ಹೊರಗಿನ ತಿಪ್ಪೆಗೆ ಎಂದುಕೊಂಡಿದ್ದಳು.

ಜೂನ್ ಮೊದಲ ವಾರದ ಮಂಗಳವಾರ. ಮಳೆ ಹಿಡಿಯುವ ಮೊದಲು ಬಸ್ ಸ್ಟ್ಯಾಂಡ್ ದಾರಿಯ ಚರಂಡಿ ತೆಗೆಯಲು ನಾಲ್ಕು ಮಂದಿಯನ್ನು ಹಚ್ಚಿದ್ದರು. ಸಣ್ಣ ಸೇತುವೆಯ ಬಾಯಿಗೆ ಚೀಲಗಳು ಗಿಡಿದು ನೀರು ಹಿಂದಕ್ಕೆ ನಿಂತಿತ್ತು. ಪರಶುರಾಮ ಕೊಕ್ಕೆ ಕೋಲಿನಿಂದ ಎಳೆದು ದಂಡೆಗೆ ಹಾಕುವುದು, ದೇವಕಮ್ಮ ಬುಟ್ಟಿಗೆ ತುಂಬುವುದು.

"ಯಕ್ಕಾ, ಈ ಊರಾಗ ಮಂದಿಗಿಂತ ಕ್ಯಾರಿಬ್ಯಾಗ್ ಭಾಳ ಅದಾವ ನೋಡು."

"ಎಣಿಸಬ್ಯಾಡ, ಎಳಿ. ಬಿಸಿಲೇರ್ತದ."

ಉಬ್ಬಿದ ಒಂದು ಕರಿ ಚೀಲವನ್ನು ಅವಳು ಹಿಡಿದು ಎತ್ತಿದಳು. ಕೈಯೊಳಗೆ ಸಿಡಿಲು ಹೊಡೆದ ಹಾಗಾಯಿತು. ನಳಿ ಎಲುಬಿನ ಚೂಪು ತುದಿ ಚೀಲ ಹರಿದು, ರಬ್ಬರ್ ಗ್ಲೌಸು ಹರಿದು, ಕಿರುಬೆರಳಿನ ಕೆಳಗೆ ಅಂಗೈಯಲ್ಲಿ ಇಳಿದಿತ್ತು. ರಕ್ತ ಚರಂಡಿಯ ನೀರಿಗೆ ತೊಟ್ಟಿಕ್ಕಿತು. ಪರಶುರಾಮ ಓಡಿಬಂದು ಕೈ ಹಿಡಿದುಕೊಂಡ.

"ಯಾವ ಹರಾಮಖೋರ ಒಗದಾನೋ! ಎಲುಬು ತುಂಬಿ ಗಟಾರಕ್ಕ ಒಗೀತಾನಂದ್ರ, ಇವನ ಅವ್ವ ಏನ್ ಕಲಿಸ್ಯಾಳ ಇವಂಗ?"

ದೇವಕಮ್ಮ ಚೀಲದ ಬಾಯಿ ನೋಡುತ್ತಿದ್ದಳು. ಅದನ್ನು ಕಟ್ಟಿದ್ದು ಗಿಳಿಹಸಿರು ಬಣ್ಣದ, ಅಂಚಿಗೆ ಮೆರೂನ್ ಗೆರೆ ಇದ್ದ ಬಟ್ಟೆಯ ಚಿಂದಿಯಿಂದ. ಶನಿವಾರ ಪರಿಮಳಾ ಗುರುದೇವಿಯ ಬ್ಲೌಸು ಕತ್ತರಿಸಿದಾಗ ಉಳಿದದ್ದು. ಮಷೀನಿನ ಕೆಳಗಿಂದ ಆ ಚಿಂದಿಗಳನ್ನು ಕಸಬರಿಗೆಯಿಂದ ಗುಡಿಸಿದವಳು ಅವಳೇ. ಎಡಗೈಯಿಂದ ಚೀಲ ಹರಿದಳು. ಎಲುಬು, ಉಳ್ಳಾಗಡ್ಡಿ ಸಿಪ್ಪೆ, ಗುಡ್ಡಿ ಮೊನ್ನೆ ಒಡೆದ ಹೂವಿನ ಚಿತ್ರದ ಚಹಾದ ಬಶಿಯ ಅರ್ಧ ತುಂಡು.

"ಯಾರದಂತ ಗೊತ್ತಾತೇನಕ್ಕಾ?"

"ಗೊತ್ತಾತು," ಎಂದಳು. "ದವಾಖಾನಿಗೆ ನಡಿ."

ಮೂರು ಹೊಲಿಗೆ, ಎರಡು ಇಂಜೆಕ್ಷನ್ನು. ಮನೆಗೆ ಬಂದವಳು ಗಂಡನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. "ಕಬ್ಬಿಣ ತಾಗ್ತು" ಎಂದಳು. ರಾತ್ರಿ ಎಂಟಕ್ಕೆ ಅರುಣಕುಮಾರ ಊಟಕ್ಕೆ ಕುಳಿತಾಗ ತಾನೇ ಅವನ ತಾಟು ತಂದಿಟ್ಟಳು. ತಾಟಿನಲ್ಲಿ ರೊಟ್ಟಿ ಇರಲಿಲ್ಲ. ತೊಳೆದ ಬಶಿಯ ತುಂಡು, ಹಸಿರು ಚಿಂದಿ, ಒಂದು ಎಲುಬು.

"ಇದೇನವ್ವ?"

"ಉಣ್ಣು. ನೀ ನಿನ್ನೆ ನನಗ ಕಳಿಸಿದ ಬುತ್ತಿ."

ಪರಿಮಳಾ ಒಲೆಯ ಮುಂದೆ ನಿಂತಲ್ಲೇ ನಿಂತಳು. ಅರುಣಕುಮಾರ ಚಿಂದಿ ನೋಡಿದ, ತಾಯಿಯ ಕೈಯ ಪಟ್ಟಿ ನೋಡಿದ.

"ನನಗೇನ್ ಗೊತ್ತವ್ವ, ನೀ ಅಲ್ಲೇ ಕೆಲಸ ಮಾಡ್ತಿದ್ದಿ ಅಂತ."

ತಂದೆ ಹುಲಗಪ್ಪ ಮೂಲೆಯಿಂದ ಕೆಮ್ಮಿ ಎದ್ದ. ಹತ್ತಿ ಬಜಾರಿನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿ ಮೊಣಕಾಲು ಕಳಕೊಂಡವನು. "ಊರ ತುಂಬಾ ಗಟಾರ ಅದಾವಲ್ಲೋ. ಅಕಿ ಇಳಿಯೋ ಗಟಾರೇ ಬೇಕಿತ್ತೇನು ನಿನಗ?"

"ಬ್ಯಾರೆ ಗಟಾರದಾಗ ಬ್ಯಾರೆಯವರ ಅವ್ವ ಇರ್ತಾಳ!" ದೇವಕಮ್ಮ ಗಂಡನ ಮೇಲೆಯೇ ತಿರುಗಿ ಬಿದ್ದಳು. "ಏನ್ ನ್ಯಾಯ ಹೇಳ್ತೀ ನೀ? ನನ್ನ ಜೋಡಿ ಕೆಲಸ ಮಾಡೋ ಸಾಬೇರಾನ ಕೈಗೆ ಚುಚ್ಚಿದ್ರ ನಡೀತಿತ್ತೇನು?"

"ಹಂಗಲ್ಲ..."

"ಹೆಂಗ ಮತ್ತ? ನಾ ಹೊಲಸು ಬಳೀತೀನಂತ ಹೇಳಾಕ ಇವಂಗ ನಾಚಿಕಿ. ಒಗೆಯಾಕ ನಾಚಿಕಿಲ್ಲ!"

"ಮೆಲ್ಲಕ ಮಾತಾಡವ್ವ, ಮ್ಯಾಲ ಕೇಳ್ತದ," ಎಂದ ಅರುಣಕುಮಾರ, ಗುರುದೇವಿ ಇರುವ ಮಾಳಿಗೆಯ ಕಡೆ ಕಣ್ಣು ಮಾಡಿ.

"ಕೇಳ್ಲಿ!"

ಅವನಿಗೂ ಸಿಟ್ಟು ಬಂತು. "ಏನ್ ಮಾಡ್ಬೇಕಿತ್ತು ನಾನು? ಎಲುಬು ಜೇಬಿನ್ಯಾಗ ಇಟ್ಕೊಂಡು ಮಿಲ್ಲಿಗೆ ಹೋಗ್ಲೇನು? ಈ ಮನಿ ಸಿಗಾಕ ಎಷ್ಟು ಬಾಗಲಾ ಬಡದೀನಿ ಗೊತ್ತದ ಏನು? ಹನ್ನೊಂದು ಮನಿ. ಹೆಸರು ಕೇಳ್ತಾರ, ಆಮ್ಯಾಲ ಅಪ್ಪನ ಹೆಸರು ಕೇಳ್ತಾರ, ಆಮ್ಯಾಲ ಮನಿ ಖಾಲಿ ಇಲ್ಲ ಅಂತಾರ."

ಇದು ಸುಳ್ಳಲ್ಲ. ದೇವಕಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು.

"ಕೇಳ್ರಿ ಎಲ್ಲಾರೂ," ಎಂದಳು. "ಇವತ್ತಿನಿಂದ ಈ ಹೊಸ್ತಿಲ ದಾಟಿ ಒಂದೂ ಕ್ಯಾರಿಬ್ಯಾಗ್ ಒಳಗ ಬರಬಾರ್ದು. ಕರೀದಿಲ್ಲ, ಬಿಳೀದಿಲ್ಲ. ಮಟನ್ ಬೇಕಂದ್ರ ಸ್ಟೀಲ್ ಡಬ್ಬಿ ಒಯ್ಯಿರಿ. ಎಲುಬು ಕಸದ ಗಾಡ್ಯಾಗ ಹೋಗ್ತದ, ಹಗಲೊತ್ತಿನ್ಯಾಗ."

"ಹಂಗಾದ್ರ ಮರುದಿವಸ ಮನಿ ಬಿಡಬೇಕಾಗ್ತದ," ಎಂದ ಮಗ.

"ಹಂಗಾದ್ರ ಮಟನ್ ಬಿಡು."

ಅಂದು ಅವನು ಉಣ್ಣದೆ ಎದ್ದ. ಪರಿಮಳಾ ರೊಟ್ಟಿಗಳನ್ನು ಬುಟ್ಟಿಗೆ ಹಾಕಿ ಮುಚ್ಚಿದಳು.

ಮರುದಿನ ದೇವಕಮ್ಮ ಮೊದಲು ಹುಲಗಪ್ಪನ ಹಾಸಿಗೆ ಎತ್ತಿದಳು. ಅದರ ಕೆಳಗೆ ಮಡಚಿ ಮಡಚಿ ಇಟ್ಟ ಕ್ಯಾರಿಬ್ಯಾಗುಗಳು, ಬಟ್ಟೆ ಅಂಗಡಿಯವು, ಔಷಧ ಅಂಗಡಿಯವು, ಬಾಳೆಹಣ್ಣಿನವು. ಎರಡು ವರ್ಷದಿಂದ ಅದರ ಮೇಲೆ ಮಲಗಿದ್ದ.

"ಕೆಲಸಕ್ಕ ಬರ್ತಾವಂತ ಇಟ್ಟೀನಿ."

"ಯಾವ ಕೆಲಸಕ್ಕ? ಒಂದಾದ್ರೂ ತಿರುಗಿ ತಗೊಂಡು ಬಜಾರಕ್ಕ ಹೋಗೀಯೇನು? ಕೈ ಬೀಸ್ಕೊಂತ ಹೋಗ್ತೀ, ಹೊಸಾವು ನಾಕು ತರ್ತೀ."

ಗೋಣಿಚೀಲಕ್ಕೆ ತುಂಬಿ ಒಣ ಕಸದ ಕಡೆ ಕಳಿಸಿದಳು. ಹಳೆಯ ಪರದೆ ಬಟ್ಟೆಯಿಂದ ಪರಿಮಳಾ ಹೊಲಿದ ಎರಡು ಚೀಲಗಳನ್ನು ಬಾಗಿಲ ಮೊಳೆಗೆ ತೂಗುಹಾಕಿದಳು. ಹುಲಗಪ್ಪ ಮೊದಲ ದಿನ ಮರೆತು ಹೋದ. ಅರ್ಧ ದಾರಿಯಲ್ಲಿ ನೆನಪಾಗಿ, ಮೊಣಕಾಲಿಗೆ ಹೆದರಿ, ಟೊಮ್ಯಾಟೊ ಬದನೆಕಾಯಿ ಎಲ್ಲ ಹೆಗಲ ಮೇಲಿನ ವಲ್ಲಿಯಲ್ಲಿ ಗಂಟು ಕಟ್ಟಿಕೊಂಡು ಬಂದ. ಟೊಮ್ಯಾಟೊ ಒಡೆದು ಬೆನ್ನ ಮೇಲೆ ಇಳಿದಿತ್ತು.

"ಅಜ್ಜಾ, ನಿನಗ ಯಾರು ಹೊಡದಾರ?" ಗುಡ್ಡಿ ಕೇಳಿದಳು.

"ಇನ್ನ ಹೊಡದಿಲ್ಲ. ನಿಮ್ಮಜ್ಜಿ ಒಳಗದಾಳಲ್ಲ, ಈಗ ಹೊಡೀತಾಳ."

ದೇವಕಮ್ಮ ನಗು ಬಂದರೂ ನಗಲಿಲ್ಲ. ವಲ್ಲಿಯನ್ನು ಅವನ ಕೈಯಿಂದಲೇ ಒಗೆಸಿದಳು. ಎರಡನೆಯ ವಾರ ಮೊಸರು ತರಲು ಗಿಂಡಿ ಇಲ್ಲದೆ ಹೋಗಿ, ಬರಿಗೈಯಲ್ಲಿ ಬಂದು, ಮತ್ತೆ ಹೋದ. ಮೂರನೆಯ ವಾರದ ಹೊತ್ತಿಗೆ ಕಾಯಿಪಲ್ಯೆಯವಳು ಕ್ಯಾರಿಬ್ಯಾಗ್ ಬಿಡಿಸುತ್ತಿದ್ದರೆ ಇವನೇ ಕೈ ಅಡ್ಡ ಹಿಡಿದು, "ಬ್ಯಾಡವ್ವ, ನಮ್ಮ ಮನ್ಯಾಗ ಪೊಲೀಸ್ ಅದಾಳ" ಎನ್ನುತ್ತಿದ್ದ.

ಮುದುಕನ ಚಟ ಬಿಟ್ಟಿತು. ಮಗನದು ಬಿಡಲಿಲ್ಲ. ಅವನು ಡಬ್ಬಿ ಮುಟ್ಟುವುದಿಲ್ಲ, ಇವಳು ಚೀಲ ಒಳಗೆ ಬಿಡುವುದಿಲ್ಲ. ಮೂರು ಭಾನುವಾರ ಮನೆಯಲ್ಲಿ ಮಟನ್ ಆಗಲಿಲ್ಲ. ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ. ದೇವಕಮ್ಮನ ಅಂಗೈ ಬಾತು ಕೀವು ಹಿಡಿದು ಎಂಟು ದಿನ ರಜೆ ಹಾಕಬೇಕಾಯಿತು. ರೊಟ್ಟಿ ಬಡಿಯುವ ಕೈ ಅದು. ಮಷೀನು ಬಿಟ್ಟು ಇಡೀ ಮನೆಯ ರೊಟ್ಟಿ ಪರಿಮಳಾ ಬಡಿಯಬೇಕು. ಗಿರಾಕಿಗಳ ಬ್ಲೌಸುಗಳು ತಡವಾಗಿ ಅವರ ಬಾಯಿ ಬೇರೆ.

"ಅತ್ತಿ, ನೀವೂ ಸ್ವಲ್ಪ ತಗ್ಗಬೇಕ್ರಿ," ಎಂದಳು ಒಂದು ದಿನ, ಹಿಟ್ಟು ನಾದುತ್ತ. "ಕೂಸು ಮಟನ್ ಮಟನ್ ಅಂತದ. ನಳದ ಮನಿ ಅದ, ಸಾಲಿ ಹತ್ರ ಅದ. ಒಂದು ಚೀಲದ್ದು ಇಷ್ಟು ಹಟ ಯಾಕ್ರಿ?"

"ಚಿಂದಿ ಯಾರು ಕಟ್ಟಿದ್ರು?"

ಪರಿಮಳಾ ಹಿಟ್ಟಿನ ಉಂಡೆಯನ್ನು ನಾದುವ ಕೊಣಮಿಗೆಯಲ್ಲಿ ದಪ್ಪನೆ ಹಾಕಿದಳು. "ನಾನೇ ಕಟ್ಟೀನಿ. ದಿನಾ ಕೇಳ್ಬ್ಯಾಡ್ರಿ ಅದನ್ನ. ಕೇಳಿ ಕೇಳಿ ಸಾಕಾಗ್ಯದ!"

ಮೂರನೆಯ ಭಾನುವಾರ ಅರುಣಕುಮಾರ ಗೆಳೆಯನ ಮನೆಗೆಂದು ಹೋಗಿ ಸಂಜೆ ಬಂದ. ಬಂದವನೇ ಹಸಿವಿಲ್ಲ ಎಂದ.

"ಕೈ ಮೂಸಿ ನೋಡ್ಕೋ," ಎಂದಳು ತಾಯಿ. "ಖಾನಾವಳಿ ಚೊಲೋ ಇತ್ತೇನು? ಇಲ್ಲಿ ಮಗಳು ಬ್ಯಾಳಿ ಉಣ್ಣಾಕತ್ತಾಳ, ಅಪ್ಪ ಅಲ್ಲಿ ನಳಿ ಸೀಪಾಕತ್ತಾನ."

"ನಿನ್ನ ಸಲುವಾಗಿ ಹೊರಗ ತಿನ್ನೋ ಪಾಳಿ ಬಂದದ."

"ನನ್ನ ಸಲುವಾಗಿ ಅಲ್ಲ. ನಿನ್ನ ಅಂಜಿಕಿ ಸಲುವಾಗಿ."

ನಾಲ್ಕನೆಯ ಭಾನುವಾರ ದೇವಕಮ್ಮ ಯಾರಿಗೂ ಹೇಳಲಿಲ್ಲ. ಅರ್ಧ ದಿನದ ಕೆಲಸ ಮುಗಿಸಿ, ಕೋಟು ಬಿಚ್ಚದೆ, ಬೆಳಿಗ್ಗೆಯೇ ಒಯ್ದಿದ್ದ ಡಬ್ಬಿ ಹಿಡಿದು ಸುಲ್ತಾನಸಾಬನ ಅಂಗಡಿಗೆ ಹೋದಳು.

"ಬಾ ಅಕ್ಕಾ, ಭಾಳ ದಿನಾತು. ರೋಜಾ ಹಿಡಿದೀರೇನು ಮನ್ಯಾಗ?"

"ಮುಕ್ಕಾಲು ಕಿಲೋ ಹಾಕು. ಇದರಾಗ."

ಸುಲ್ತಾನಸಾಬ ಡಬ್ಬಿ ತಿರುಗಿಸಿ ನೋಡಿದ. "ಚೊಲೋ ಮಾಡಿದಿ. ಈ ಕ್ಯಾರಿಬ್ಯಾಗಿಗೆ ಕಿಲೋಕ್ಕ ನೂರಾ ನಲವತ್ತು ಕೊಡ್ತೀನಿ ನಾನು. ಗಿರಾಕಿ ಪುಕ್ಕಟ ಅಂತಾರ, ನನ್ನ ಜೇಬಿಂದ ಹೋಗ್ತದ. ಮ್ಯಾಲ ನಿಮ್ಮ ನಗರಸಭಾದವ್ರು ಬಂದು ಜುಲ್ಮಾನಿ ಹಾಕ್ತಾರ." ಮಚ್ಚು ಎತ್ತಿದವನು ನಿಲ್ಲಿಸಿದ. "ಆದ್ರ ಅಕ್ಕಾ, ಮಂದಿ ಕರೀದೇ ಕೇಳ್ತಾರ. ಬಿಳೀದ್ರಾಗ ಕೊಟ್ರ ಬೈತಾರ. ಆಡು ಕಡದಾಂವ ನಾನು, ಮುಚ್ಕೊಂಡು ಓಡಾಡೋರು ಇವ್ರು!"

ಮೇಲೆ ಎರಡು ತುಂಡು ಲಿವರು ಹಾಕಿ ಮುಚ್ಚಳ ಒತ್ತಿದ.

ಗುರುದೇವಿ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಕೋಟು ನೋಡಿ ಮೊರ ಕೆಳಗಿಟ್ಟಳು.

"ಏನ್ ದೇವಕಮ್ಮ, ಇದು ಯಾರ ಕೋಟು?"

"ನಂದೇರಿ ಅಕ್ಕಾರ. ಇಪ್ಪತ್ತೊಂದು ವರ್ಷ ಆತು."

"ಆಫೀಸ್ ಅಂದಿದ್ದ ನಿನ್ನ ಮಗ."

"ಸುಳ್ಳು ಹೇಳ್ಯಾನ್ರಿ. ಗಟಾರ ಬಳೀತೀನಿ ನಾನು. ಈ ಓಣೀದೂ ಬಳದೀನಿ, ಮುಖಕ್ಕ ಅರಿವಿ ಕಟ್ಟಿದ್ದೆ, ನಿಮಗ ಗುರ್ತು ಸಿಕ್ಕಿಲ್ಲ."

"ಡಬ್ಬ್ಯಾಗ ಏನದ?"

"ಮಟನ್ ರಿ. ಮುಕ್ಕಾಲು ಕಿಲೋ."

ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತರು. ಗುರುದೇವಿ ಎದ್ದು ದೇವಕಮ್ಮನನ್ನು ಪ್ಯಾಸೇಜಿನೊಳಗೆ ಕರೆದಳು. ಪರಿಮಳಾ, ಅರುಣಕುಮಾರ ಇಬ್ಬರೂ ಹೊರಗೆ ಬಂದಿದ್ದರು.

"ಅಕ್ಕಾರ, ಅವ್ವಗ ಕೈನೋವಿನ್ಯಾಗ ತಲಿ ಸರಿ ಇಲ್ರಿ," ಅರುಣಕುಮಾರ ಶುರು ಮಾಡಿದ.

"ನನ್ನ ತಲಿ ಸರಿ ಅದ. ನೀ ಬಾಯಿ ಮುಚ್ಚು."

ಗುರುದೇವಿ ದನಿ ತಗ್ಗಿಸಿದಳು. "ನೋಡ್ರಿ, ನನಗ ಮೊದಲಿಂದ ಗೊತ್ತದ. ಮೂಗಿಲ್ಲೇನು ನನಗ? ಭಾನುವಾರ ಕಿಡಕಿ ಮುಚ್ಚಿ ಏನ್ ಹುರೀತಾರಂತ ತಿಳಿಯಂಗಿಲ್ಲೇನು? ನೀವು ಮುಚ್ಕೊಂಡು ತಂದ್ರಿ, ನಾನೂ ಕಣ್ಣು ಮುಚ್ಕೊಂಡೆ. ತಿಂಗಳ ಒಂದಕ್ಕ ಬಾಡಿಗಿ ಕೊಡ್ತೀರಿ, ಜಗಳಿಲ್ಲ. ಆದ್ರ ನನ್ನ ಮಗಳ ಬೀಗರು ಇದೇ ಓಣ್ಯಾಗ ಅದಾರ. ಹಾಡಹಗಲ ಡಬ್ಬಿ ಕುಣಿಸ್ಕೊಂತ ಬಂದ್ರ ಅವ್ರಿಗೆ ನಾ ಏನ್ ಹೇಳ್ಲಿ? ಮೊದಲಿನಂಗ ಕರಿ ಚೀಲದಾಗ ತರ್ರಿ. ಕೋಟು ಅಲ್ಲೇ ಬಿಟ್ಟು ಬರ್ರಿ. ಇರ್ರಿ ಆರಾಮಾಗಿ. ಆಗಂಗಿಲ್ಲ ಅಂದ್ರ, ಬರೋ ತಿಂಗಳು ಖಾಲಿ ಮಾಡ್ರಿ."

"ಆಗ್ತದ್ರಿ ಅಕ್ಕಾರ," ಎಂದ ಅರುಣಕುಮಾರ.

ದೇವಕಮ್ಮ ಒಳಗೆ ಹೋಗಿ ಡಬ್ಬಿಯನ್ನು ಒಲೆಯ ಪಕ್ಕ ಇಟ್ಟಳು.

ಅಡುಗೆ ಆಯಿತು. ಐದೂ ಮಂದಿ ಉಣ್ಣಲು ಕುಳಿತರು. ಗುಡ್ಡಿ ಒಬ್ಬಳೇ ಮಾತಾಡುತ್ತ ನಳಿ ಎಲುಬು ಊದುತ್ತಿದ್ದಳು.

"ಅವ್ರು ಒಪ್ಪಿಕೊಂಡಾರ," ಎಂದ ಅರುಣಕುಮಾರ. "ಮನಿ ಉಳೀತದ. ಬರೀ ಚೀಲ ಅವ್ವ. ಒಂದು ಚೀಲದ ಸಲುವಾಗಿ ಮನಿ ಬಿಡ್ತೀಯೇನು?"

"ಉಂಡ ಮ್ಯಾಲ ಚೀಲ ಎಲ್ಲಿಗೆ ಹೋಗ್ತದ, ಅಷ್ಟು ಹೇಳು. ಅಕಿ ಬಾಗಲಾಗ ನಿಂದ್ರೋ ಗಾಡ್ಯಾಗ ಹಾಕ್ತೀಯಾ?"

ಅವನು ತಾಟಿನ ಎಲುಬನ್ನು ಅಂಚಿಗೆ ಸರಿಸಿದ.

"ಹಾಕಂಗಿಲ್ಲ. ಮತ್ತ ಬೈಕಿಗೆ ಹಾಕ್ಕೊಂಡು ಹೋಗ್ತೀ. ಈ ಗಟಾರ ಅಲ್ಲ, ಆ ಗಟಾರ. ಹುಣಸಗಿ ರಸ್ತೆದಾಗ ಒಗದ್ರೂ ಅಲ್ಲಿ ನನ್ನಂಥಾಕಿ ಒಬ್ಬಾಕಿ ಇಳೀತಾಳ. ಇವರ ಮರ್ಯಾದಿ ಉಳಿಯಾಕ ನನ್ನ ಕೈ ಹರೀಬೇಕು. ಮ್ಯಾಲ ನಾವೇ ಬಾಡಿಗಿ ಕೊಡಬೇಕು!"

"ಬ್ಯಾರೆ ಮನಿ ಯಾರು ಕೊಡ್ತಾರ? ಮತ್ತ ಹನ್ನೊಂದು ಬಾಗಲಾ ನೀ ಬಡೀತೀಯೇನು?" ಅವನು ತಾಟು ದೂಡಿದ. ಸಾರು ಚೆಲ್ಲಿತು.

ಆಗ ಪರಿಮಳಾ ಬಾಯಿ ಬಿಟ್ಟಳು. ಗಂಡನ ಕಡೆ ನೋಡದೆ, ಚೆಲ್ಲಿದ ಸಾರು ಒರೆಸುತ್ತಲೇ ಅಂದಳು.

"ನಾ ಬಡೀತೀನಿ. ಎರಡು ವರ್ಷ ಆತು, ಮಸಾಲಿ ಹುರಿಯೋ ಮುಂದ ಕಿಡಕಿ ಮುಚ್ಚಿ ಹೊಗಿ ಕುಡ್ಯಾಕತ್ತೀನಿ. ಕುಕ್ಕರ್ ಸೀಟಿ ಹೊಡದ್ರ ಎದಿ ಧಡಧಡ ಅಂತದ. ಗುಡ್ಡಿಗೆ ಸಾಲ್ಯಾಗ ಏನ್ ಉಂಡಿ ಅಂದ್ರ ಬ್ಯಾಳಿ ಅನ್ನು ಅಂತ ಕಲಿಸೀನಿ. ಇಷ್ಟೆಲ್ಲಾ ಮಾಡಿದ್ದು ಅಕಿಗೆ ಗೊತ್ತಾಗಬಾರ್ದಂತ. ಅಕಿಗೆ ಗೊತ್ತೇ ಇತ್ತಂತ! ನೋಡ್ಕೊಂತ ಕುಂತಿದ್ಳು, ನಾವು ಅಂಜೋದನ್ನ." ಅರಿವೆ ಹಿಂಡಿದಳು. "ಇನ್ನ ಈ ಮನ್ಯಾಗ ನಾ ಕರಿ ಚೀಲ ಕಟ್ಟಂಗಿಲ್ಲ. ನೀವೇ ಕಟ್ಕೋರಿ."

ಅರುಣಕುಮಾರ ತಂದೆಯ ಕಡೆ ನೋಡಿದ. ಹುಲಗಪ್ಪ ರೊಟ್ಟಿ ಮುರಿಯುತ್ತ, "ನನ್ನ ನೋಡಬ್ಯಾಡ. ನಾ ಬಿಟ್ಟೀನಿ," ಎಂದ.

ಸಂಜೆ ಪರಿಮಳಾ ಅರ್ಧ ಹೊಲಿದ ಎರಡು ಬ್ಲೌಸುಗಳನ್ನು ಮಾಳಿಗೆಗೆ ಒಯ್ದು ಗುರುದೇವಿಯ ಕೈಗೆ ಕೊಟ್ಟಳು. "ಕೂಲಿ ಬ್ಯಾಡ್ರಿ. ಬರೋ ತಿಂಗಳು ಖಾಲಿ ಮಾಡ್ತೀವಿ," ಎಂದು ಹೇಳಿ ಇಳಿದಳು. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದಾಗ ದೇವಕಮ್ಮ ಎಲುಬಿನ ಬಕೆಟ್ಟನ್ನು ಎಲ್ಲರ ಮುಂದೆ ಹಸಿ ಕಸಕ್ಕೆ ಬೋರಲು ಹಾಕಿದಳು. ಗುರುದೇವಿ ಅಂದು ಇಣುಕಲಿಲ್ಲ, ಮುಖ ತಿರುಗಿಸಿದಳು.

ಮನೆ ಹುಡುಕುವುದಕ್ಕೆ ಪರಿಮಳಾ ಒಂಬತ್ತು ಬಾಗಿಲು ಬಡಿದಳು. ಎಲ್ಲ ಕಡೆ ಮೊದಲೇ ಹೇಳಿದಳು: ಮಾಂಸ ತಿನ್ನುತ್ತೇವೆ, ಅತ್ತೆಗೆ ಚರಂಡಿ ಕೆಲಸ. ಎಂಟು ಕಡೆ ಇಲ್ಲ ಎಂದರು. ಒಂಬತ್ತನೆಯದು ರಂಗಂಪೇಟೆಯಲ್ಲಿ ಕುಬ್ರಾಬೇಗಂ ಎಂಬವರದು. ಬಾಡಿಗೆ ಯಾವ ತಾರೀಖಿಗೆ ಕೊಡುತ್ತೀರಿ ಎಂದಷ್ಟೇ ಕೇಳಿ ಅವರು ಕೀಲಿ ಕೊಟ್ಟರು.

ಜುಲೈ ಕೊನೆಗೆ ಸಾಮಾನು ಸಾಗಿತು. ಹೊಸ ಮನೆ ಒಂದೂವರೆ ಖೋಲಿ, ಮೂರೂವರೆ ಸಾವಿರ. ನಳ ಓಣಿಯ ತುದಿಗೆ. ಎರಡು ದಿನಕ್ಕೊಮ್ಮೆ ನೀರು, ಪಾಳಿ ಹಚ್ಚಬೇಕು. ಗುರುದೇವಿ ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ನಾಲ್ಕು ಸಾವಿರ ಮುರಿದುಕೊಂಡಳು. ಗುಡ್ಡಿ ಶಾಲೆಗೆ ಆಟೋದಲ್ಲಿ ಹೋಗುತ್ತಾಳೆ, ತಿಂಗಳಿಗೆ ಆರುನೂರು. ಪರಿಮಳಾಗೆ ಹಳೆಯ ಓಣಿಯ ಏಳು ಗಿರಾಕಿ ಹೋದರು, ಹೊಸ ಓಣಿಯಲ್ಲಿ ಸದ್ಯಕ್ಕೆ ಮೂವರು ಸಿಕ್ಕಿದ್ದಾರೆ. ಅರುಣಕುಮಾರ ತಾಯಿಯ ಜೊತೆ ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಭಾನುವಾರ ಮಟನ್ ತರುತ್ತಾನೆ, ಡಬ್ಬಿಯಲ್ಲೇ ತರುತ್ತಾನೆ, ಕಟ್ಟೆಯ ಮೇಲೆ ಟಣ್ಣೆಂದು ಕುಕ್ಕುತ್ತಾನೆ. ದೇವಕಮ್ಮನ ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಡಾಕ್ಟರು ಇಷ್ಟೇ ಎಂದಿದ್ದಾರೆ.

ಕಳಕೊಂಡದ್ದು ಅಷ್ಟು. ಬಂದದ್ದು ಇಷ್ಟು: ಆ ಮನೆಯಿಂದ ವಾರಕ್ಕೆ ಹದಿನೈದಿಪ್ಪತ್ತು ಚೀಲ ಹೊರಗೆ ಬೀಳುತ್ತಿದ್ದವು, ಈಗ ಒಂದೂ ಇಲ್ಲ. ಸೇತುವೆಯ ಬಾಯಿಗೆ ಊರಿನ ಮಿಕ್ಕವರ ಚೀಲ ಮೊದಲಿನಷ್ಟೇ ಗಿಡಿಯುತ್ತವೆ. ಅವುಗಳಲ್ಲಿ ತನ್ನ ಮನೆಯದು ಇಲ್ಲವೆಂದು ದೇವಕಮ್ಮನಿಗೆ ಗೊತ್ತು. ಹಾಗಾಗಿ ಪರಶುರಾಮ ಚೀಲ ಎಳೆಯುತ್ತ ಒಗೆದವರನ್ನು ಬೈಯುವಾಗ ಅವಳು ಈಗ ಸುಮ್ಮನಿರುವುದಿಲ್ಲ, ಅವನಿಗಿಂತ ಜೋರಾಗಿ ಬೈಯುತ್ತಾಳೆ.